ಕೆನ್ನೆಯ ಬಿಳಿ ಮಚ್ಚೆಯಿಂದ ಚಿಕಿತ್ಸೆಯ ಮೊದಲ ದಿನದವರೆಗೆ: ಕೋಲಾರದ ಬಡವರು ಎಲ್ಲಿ ಕಳೆದುಹೋಗುತ್ತಿದ್ದಾರೆ?

ಶ್ರೀನಿವಾಸಪುರ ಡೈರಿ

ಎಲ್ಲರಿಗೂ ನಮಸ್ಕಾರ. ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಊರಿನಲ್ಲಿ ಯಾರಿಗೆ ಮೈ ಸರಿಯಿಲ್ಲ ಎನ್ನುವುದು ಆಸ್ಪತ್ರೆಗಿಂತ ಮೊದಲು ಡೈರಿಗೆ ತಿಳಿಯುತ್ತದೆ. ಎರಡು ಹೊತ್ತೂ ತಪ್ಪದೆ ಹಾಲು ತರುತ್ತಿದ್ದ ಹೆಂಗಸಿನ ಬದಲು ಶಾಲೆಗೆ ಹೋಗುವ ಮಗಳು ಕ್ಯಾನ್ ಹಿಡಿದು ನಿಂತರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ.

ನಮ್ಮ ಕಡೆ ಬಾಯಿ ಕ್ಯಾನ್ಸರ್ ಹೊಸದಲ್ಲ. ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಸೇರಿಸಿ, ಕೆನ್ನೆಯಲ್ಲಿ ಒತ್ತಿಕೊಂಡು ಹಾಗೆಯೇ ನಿದ್ದೆ ಹೋಗುವ ಅಜ್ಜಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ನನ್ನನ್ನು ಕಾಡುತ್ತಿರುವುದು ಮುಂದಿನ ಮಾತು. ನಮ್ಮ ಊರಿನಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು ಹೆಂಗಸರಿಗೆ ಇದೇ ಕಾಯಿಲೆ ಬಂತು. ಒಬ್ಬರಿಗೆ ಮಾವಿನ ತೋಟವಿದೆ, ಮಗ ವೈಟ್‌ಫೀಲ್ಡ್‌ನಲ್ಲಿ ಕೆಲಸದಲ್ಲಿದ್ದಾನೆ. ಹುಣ್ಣು ಮಾಯುತ್ತಿಲ್ಲ ಎಂದು ತಿಳಿದ ಕೂಡಲೇ ಬಂದು ಕರೆದೊಯ್ದ. ಶಸ್ತ್ರಚಿಕಿತ್ಸೆ ಆಯಿತು. ಅವರು ಈಗ ಮತ್ತೆ ಹಾಲು ತರುತ್ತಿದ್ದಾರೆ. ಇನ್ನೊಬ್ಬರು ದಲಿತ ಕಾಲೊನಿಯವರು. ಭೂಮಿ ಇಲ್ಲ, ಎರಡು ಸೀಮೆಹಸುಗಳೇ ಆಧಾರ. ಅವರ ಬಳಿ ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವರು ಅರ್ಹರಾಗಿದ್ದರು. ಆದರೂ ಮಾವಿನ ಕೆಲಸ ಮುಗಿಯಲಿ, ಹಸು ಕರು ಹಾಕಲಿ, ಮಗಳ ಪರೀಕ್ಷೆ ಆಗಲಿ ಎಂದು ದಿನ ತಳ್ಳಿದರು. ಬೆಂಗಳೂರು ತಲುಪುವ ಹೊತ್ತಿಗೆ ರೋಗ ದವಡೆಯ ಮೂಳೆಗೆ ಇಳಿದಿತ್ತು. ಅವರು ಈಗ ಇಲ್ಲ.

ಊರಿನಲ್ಲಿ ಕೆಲವರು ಇದನ್ನು ಉದಾಸೀನ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ವಾರಗಟ್ಟಲೆ ಬೆಂಗಳೂರಿನಲ್ಲಿ ಇರಬೇಕು ಎಂದರೆ ಹಸುವಿನ ಹಾಲು ಕರೆಯುವವರು ಯಾರು? ಬಟವಾಡೆ ನಿಂತರೆ ಹಸುವಿನ ಸಾಲದ ಕಂತು ಕಟ್ಟುವವರು ಯಾರು? ಜೊತೆಗೆ ಹೋಗುವ ಗಂಡನ ಕೂಲಿ ಯಾರು ಕೊಡುತ್ತಾರೆ? ಕಾರ್ಡು ಆಸ್ಪತ್ರೆಯ ಬಿಲ್ಲನ್ನು ಕಟ್ಟುತ್ತದೆ, ಈ ಪ್ರಶ್ನೆಗಳನ್ನು ಮುಟ್ಟುವುದೇ ಇಲ್ಲ. ಬಾಯಲ್ಲಿ ಮಚ್ಚೆ ಕಂಡ ದಿನಕ್ಕೂ ಚಿಕಿತ್ಸೆ ಆರಂಭವಾಗುವ ದಿನಕ್ಕೂ ನಡುವೆ ಬಡವರ ಜೊತೆ ಯಾರೂ ಇರುವುದಿಲ್ಲ. ನಮ್ಮ ಜನ ಸಾಯುತ್ತಿರುವುದು ಆ ನಡುವಿನಲ್ಲಿ ಎಂಬುದು ನನ್ನ ನಂಬಿಕೆ.

ನಿಮ್ಮ ನಿಮ್ಮ ಊರಿನಲ್ಲಿ ಹೇಗಿದೆ? ತಾಲ್ಲೂಕು ಮಟ್ಟದಲ್ಲಿ ಏನು ಮಾಡಬಹುದು? ತಿಳಿದವರು ಬರೆಯಿರಿ.

ಮುಳಬಾಗಿಲು ಆಶಾ

ಅಣ್ಣ, ನೀವು ಹೇಳಿದ ಆ ನಡುವಿನಲ್ಲೇ ನಾನು ದಿನವೂ ಓಡಾಡುವುದು. ನಾನು ಆಶಾ ಕಾರ್ಯಕರ್ತೆ.

2024ರಲ್ಲಿ ಗೃಹ ಆರೋಗ್ಯ ಯೋಜನೆ ರಾಜ್ಯದಲ್ಲಿ ಮೊದಲು ಆರಂಭವಾದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿ. ಮನೆಮನೆಗೆ ಹೋಗಿ 30 ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವುದರ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆಯೂ ಅದರಲ್ಲಿ ಸೇರಿದೆ. ಒಳ್ಳೆಯ ಕೆಲಸ, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಬಿ.ಪಿ. ನೋಡಲು ಎಲ್ಲರೂ ಕೈ ಚಾಚುತ್ತಾರೆ. ಬಾಯಿ ತೆರೆಯಿರಿ ಎಂದರೆ ಅಜ್ಜಿಯರು ನಾಚುತ್ತಾರೆ, ಹಲ್ಲಿನ ಕರೆ ಕಾಣುತ್ತದೆ ಎಂದು ಸೆರಗು ಅಡ್ಡ ಹಿಡಿಯುತ್ತಾರೆ. ಗರ್ಭಕಂಠದ ಮಾತು ಎತ್ತಿದರೆ ಅತ್ತೆ ಒಳಗಿನಿಂದ ಬಂದು ಸೊಸೆಯ ಪಕ್ಕದಲ್ಲಿ ನಿಲ್ಲುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಆ ಪರೀಕ್ಷೆ ಮನೆಯಲ್ಲಿ ಆಗುವಂಥದ್ದೂ ಅಲ್ಲ, ಕೇಂದ್ರಕ್ಕೇ ಬರಬೇಕು.

ಆಮೇಲಿನದು ಇನ್ನೂ ಕಷ್ಟ. ಮಚ್ಚೆ ಕಂಡರೆ ಚೀಟಿ ಬರೆದು ಮೇಲಿನ ಆಸ್ಪತ್ರೆಗೆ ಕಳಿಸುತ್ತೇವೆ. ಚೀಟಿ ಕೊಟ್ಟಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಆಕೆ ಹೋದಳೋ ಇಲ್ಲವೋ, ಹೋದರೆ ಬಯಾಪ್ಸಿ, ಅಂದರೆ ಮಚ್ಚೆಯ ತುಣುಕು ತೆಗೆದು ಮಾಡುವ ಪರೀಕ್ಷೆ, ಆಯಿತೋ, ಫಲಿತಾಂಶ ಕೈಗೆ ಬಂತೋ ಎಂದು ಕೇಳುವ ಕಾಲಂ ನನ್ನ ಪುಸ್ತಕದಲ್ಲಿ ಇಲ್ಲ. ನಾನು ಕೇಳುತ್ತೇನೆ, ಏಕೆಂದರೆ ಆಕೆ ನನ್ನ ಬೀದಿಯವಳು. ಗೋಡೆಯ ಮೊಳೆಗೆ ಸಿಕ್ಕಿಸಿಟ್ಟ ಚೀಟಿಯನ್ನು ತಿಂಗಳು ಕಳೆದ ಮೇಲೂ ಹಾಗೆಯೇ ನೋಡಿದ್ದೇನೆ.

ಭಾಷೆಯನ್ನೂ ಮರೆಯಬೇಡಿ. ನಮ್ಮ ಗಡಿಯ ಹಳ್ಳಿಗಳ ಎಷ್ಟೋ ಅಜ್ಜಿಯರಿಗೆ ತೆಲುಗೇ ಬಾಯಿಗೆ ಬರುವುದು. ವರದಿ ಇಂಗ್ಲಿಷಿನಲ್ಲಿ, ಡಾಕ್ಟರ ಮಾತು ಕನ್ನಡದಲ್ಲಿ, ಅಜ್ಜಿಯ ಭಯ ತೆಲುಗಿನಲ್ಲಿ.

ಬಂಗಾರಪೇಟೆ ವ್ಯಾಪಾರಿ

ಎಲ್ಲವನ್ನೂ ಬಡತನದ ಮೇಲೆ ಹಾಕುವುದು ಸರಿಯಲ್ಲ. ಹೊಗೆಸೊಪ್ಪು ಕೆಟ್ಟದ್ದು ಎಂದು ಪೊಟ್ಟಣದ ಮೇಲೆ ಚಿತ್ರ ಸಮೇತ ಹಾಕಿದ್ದಾರೆ. ಗುಟ್ಕಾವನ್ನು ಕರ್ನಾಟಕದಲ್ಲಿ 2013ರ ಮೇ 31ರಂದೇ ನಿಷೇಧಿಸಿದ್ದಾರೆ. ಆದರೂ ತಿನ್ನುತ್ತಾರೆ. ಸರ್ಕಾರ ಕಾರ್ಡು ಕೊಟ್ಟಿದೆ, ಆಸ್ಪತ್ರೆ ಕಟ್ಟಿದೆ. ತಮ್ಮ ಬಾಯಿಯನ್ನು ತಾವೇ ನೋಡಿಕೊಳ್ಳದಿದ್ದರೆ ಯಾರು ಏನು ಮಾಡಲಾಗುತ್ತದೆ?

ಮುಳಬಾಗಿಲು ಆಶಾ

ವ್ಯಾಪಾರಿಗಳೇ, ಟೊಮೆಟೊ ತೋಟಕ್ಕೆ ಬೆಳಿಗ್ಗೆ ಆರಕ್ಕೆ ಇಳಿದ ಹೆಂಗಸು ಮಧ್ಯಾಹ್ನದ ಊಟದವರೆಗೆ ಹಸಿವು ತಡೆಯಲು ಎಲೆ ಅಡಿಕೆ ಹಾಕುತ್ತಾಳೆ. ಹಲ್ಲು ನೋವಿಗೆ ವೈದ್ಯರ ಬಳಿ ಹೋಗಲು ಹಣವಿಲ್ಲದೆ ಹೊಗೆಸೊಪ್ಪು ಒತ್ತಿಕೊಳ್ಳುತ್ತಾಳೆ. ಕೆಲವು ತೋಟಗಳಲ್ಲಿ ಕೂಲಿಯ ಜೊತೆ ಅದನ್ನೂ ಮಾಲೀಕರೇ ಕೊಡುತ್ತಾರೆ. ಇದನ್ನು ಚಟ ಎಂದು ತಳ್ಳಿಹಾಕಿದರೆ, ಸ್ತನದ ಗಂಟಿಗೂ ಗರ್ಭಕಂಠದ ಹುಣ್ಣಿಗೂ ಯಾವ ಚಟವನ್ನು ಹೊಣೆ ಮಾಡುತ್ತೀರಿ? ಅಲ್ಲಿಯೂ ತಡವಾಗಿ ತಲುಪುವವರು ಇದೇ ಬೀದಿಗಳ ಹೆಂಗಸರು. ನಿಷೇಧದ ಮಾತು ಬಂತು, ಹೇಳಿಬಿಡುತ್ತೇನೆ: ಈಗ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡೂ ಅಕ್ಕಪಕ್ಕದಲ್ಲೇ ತೂಗುತ್ತಿರುತ್ತವೆ.

ತಮಕ ದಂತವೈದ್ಯ

ಆಶಾ ಅವರ ಮಾತಿಗೆ ವೈದ್ಯಕೀಯ ಆಧಾರವನ್ನು ಸೇರಿಸುತ್ತೇನೆ.

ಬಾಯಿ ಕ್ಯಾನ್ಸರ್ ಹೆಚ್ಚಿನವರಲ್ಲಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಖಾರ ತಿಂದರೆ ಉರಿ, ಬಾಯಿ ಅಗಲವಾಗಿ ತೆರೆಯಲಾಗದಿರುವುದು, ಎರಡು ವಾರ ಕಳೆದರೂ ಮಾಯದ ಹುಣ್ಣು. ಇದನ್ನು ನೋಡಲು ಯಂತ್ರ ಬೇಡ, ಒಳ್ಳೆಯ ಬೆಳಕು ಮತ್ತು ತಿಳಿದ ಕಣ್ಣು ಸಾಕು. ಕೇರಳದ ತಿರುವನಂತಪುರದಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಗೆ ಹೋಗಿ ಬಾಯಿ ನೋಡಿದರು, ಅವರು ವೈದ್ಯರಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು 34 ಪ್ರತಿಶತ ಕಡಿಮೆಯಾಯಿತು.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಹಾಕುತ್ತೇನೆ ಎಂದು ಸಮಾಧಾನ ಪಡುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತುಮಕೂರು ಕಡೆಯ ಬೆಳೆಗಾರರಿಗೆ ಇದು ಕಹಿ ಎಂದು ಗೊತ್ತು. ಬಾಯಿ ಬಿಗಿದುಕೊಂಡು ಎರಡು ಬೆರಳೂ ಹೋಗದ ಹುಡುಗರನ್ನು ನೋಡಿದ ಮೇಲೆ ನಾನು ಸುಮ್ಮನಿರಲಾರೆ.

ತಡದ ಬೆಲೆ ಎಷ್ಟು ಎಂಬುದಕ್ಕೂ ಲೆಕ್ಕವಿದೆ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಹಲವು ಬಗೆಯ ಕ್ಯಾನ್ಸರ್‌ಗಳನ್ನು ಒಟ್ಟಿಗೆ ನೋಡಿದರು. ಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಸುಮಾರು 6ರಿಂದ 13 ಪ್ರತಿಶತ ಏರುತ್ತದೆ. ಮಾವಿನ ಫಸಲು ಒಂದು ಮುಗಿಯುವುದರೊಳಗೆ ಅಂಥ ನಾಲ್ಕು ವಾರಗಳು ಎಷ್ಟು ಸಲ ಕಳೆದುಹೋಗುತ್ತವೆ ಎಂದು ಡೈರಿಯವರಿಗೆ ನಾನು ಹೇಳಬೇಕಾಗಿಲ್ಲ.

ಮಾಲೂರು ಇಟ್ಟಿಗೆ

ಓದುತ್ತಿದ್ದೆ, ಬರೆಯಬೇಕು ಅನ್ನಿಸಿತು. ನನ್ನ ಹೆಂಡತಿಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, ಈಗ ಗುಣವಾಗಿದ್ದಾಳೆ. ಆದ್ದರಿಂದ ಭಯಪಡಿಸಲು ಬರೆಯುತ್ತಿಲ್ಲ.

ನಾನು ಇಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ರೇಡಿಯೇಷನ್ ಎಂದರೆ ಒಂದು ದಿನ ಹೋಗಿ ಬರುವುದು ಎಂದುಕೊಂಡಿದ್ದೆವು. ವಾರಕ್ಕೆ ಐದು ದಿನ, ಹೀಗೆ ಐದಾರು ವಾರ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡೆವು. ರೇಡಿಯೇಷನ್ ನಡೆಯುವುದು ಕೆಲವೇ ನಿಮಿಷ. ಅದಕ್ಕಾಗಿ ಇಡೀ ದಿನ ಹೋಗುತ್ತದೆ. ಮಾಲೂರಿನಿಂದ ರೈಲು, ಅಲ್ಲಿಂದ ಬಸ್ಸು, ಸಾಲು, ಮತ್ತೆ ಬಸ್ಸು, ರೈಲು. ಚಿಕಿತ್ಸೆಯ ನಡುವೆ ಆಕೆಗೆ ಭೇದಿ, ಸುಸ್ತು. ರೈಲಿನಲ್ಲಿ ಕೂರಲು ಜಾಗ ಕೇಳಲೂ ಸಂಕೋಚ ಪಡುತ್ತಿದ್ದಳು. ಕೊನೆಗೆ ನಗರದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದೆವು, ಒಡವೆ ಅಡವಿಟ್ಟು. ಆಸ್ಪತ್ರೆಗಳ ಬಳಿ ರೋಗಿಗಳಿಗಾಗಿಯೇ ಧರ್ಮಶಾಲೆಗಳಿವೆ ಎಂದು ನಮಗೆ ತಿಳಿದದ್ದು ಚಿಕಿತ್ಸೆ ಮುಗಿಯುವ ಹೊತ್ತಿಗೆ, ಪಕ್ಕದ ಹಾಸಿಗೆಯವರು ಹೇಳಿದ್ದರಿಂದ.

ಮೊದಲು ತೋರಿಸಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನು, ರಕ್ತ ಪರೀಕ್ಷೆ, ಬಯಾಪ್ಸಿ ಎಲ್ಲಕ್ಕೂ ಕೈಯಿಂದ ಹಣ ಕೊಟ್ಟೆವು. ಆಮೇಲೆ ಕಾರ್ಡಿನಲ್ಲಿ ಆಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ತನ್ನಿ ಎಂದರು. ಆ ಮಾತನ್ನು ಮೊದಲ ದಿನವೇ ಯಾರಾದರೂ ಹೇಳಬಹುದಿತ್ತು.

ನಮ್ಮ ಜೊತೆ ಕೆಲಸ ಮಾಡುವ ಹೊರರಾಜ್ಯದವರ ಸ್ಥಿತಿ ಇನ್ನೂ ಕಷ್ಟ. ಅವರ ಪಡಿತರ ಚೀಟಿ ಅವರ ಊರಿನಲ್ಲಿರುತ್ತದೆ. ಗೂಡಿನ ಪಕ್ಕದ ಶೆಡ್ಡಿಗೆ ಯಾವ ತಪಾಸಣೆಯವರು ಬಂದದ್ದನ್ನೂ ನಾನು ಕಂಡಿಲ್ಲ.

ಕೆಜಿಎಫ್ ನಿವೃತ್ತ

ಮಾಲೂರಿನವರೇ, ನಿಮ್ಮ ಮನೆಯವರು ಗುಣವಾದದ್ದು ಓದಿ ಸಂತೋಷವಾಯಿತು. ಪ್ರಯಾಣದ ವಿಷಯ ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲ್ವೆಯಲ್ಲಿ ಎರಡನೇ ದರ್ಜೆಯಲ್ಲಿ 75 ಪ್ರತಿಶತ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೂ ಇದೆ. ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ಪೂರ್ತಿ ರಿಯಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಜೊತೆಗೆ ಹೋಗಲು ಅಕ್ಕನೋ ಮಗಳೋ ಇದ್ದರೆ ಇಬ್ಬರದೂ ಉಳಿಯುತ್ತದೆ.

ಆದರೆ ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಟಿಕೆಟ್ ಮೊದಲೇ ಅಗ್ಗ. ಹಣ ಸೋರುವುದು ಆಟೋ, ಊಟ, ಹೋದ ಕೂಲಿಯಲ್ಲಿ. ಗಣಿ ಇದ್ದ ಕಾಲದಲ್ಲಿ ನಮ್ಮ ಊರಿನ ಕಾರ್ಮಿಕರಿಗೆ ಕಂಪನಿಯ ಆಸ್ಪತ್ರೆಯೇ ಇತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದೇ ಜನರ ಮಕ್ಕಳು ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ದಿನಗೂಲಿಗೆ ಹೋಗುತ್ತಾರೆ. ಅವರಿಗೆ ರಜೆ ಹಾಕಿ ತಪಾಸಣೆ ಮಾಡಿಸಿಕೊಳ್ಳುವ ಸೌಕರ್ಯ ಎಲ್ಲಿದೆ?

ಚಿಂತಾಮಣಿ ಓದುಗಿ

ನಮ್ಮ ಚಿಕ್ಕಮ್ಮ ಎದೆಯ ಗಂಟನ್ನು ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು. ಗಂಡು ವೈದ್ಯರಿಗೆ ತೋರಿಸಬೇಕಲ್ಲ ಎಂಬುದು ಒಂದು, ಮಗಳ ಮದುವೆ ಮಾತುಕತೆ ನಡೆಯುತ್ತಿತ್ತು ಎಂಬುದು ಇನ್ನೊಂದು. ತಾಯಿಗೆ ಕ್ಯಾನ್ಸರ್ ಎಂದರೆ ಗಂಡಿನ ಕಡೆಯವರು ಹಿಂದೆ ಸರಿಯುತ್ತಾರೆ ಎಂದು ಹೆದರಿದ್ದರು. ಮನೆಯಲ್ಲಿ ಹಣ ಇತ್ತು, ಕಾರು ಇತ್ತು. ಆದ್ದರಿಂದ ಬಡತನ ಒಂದೇ ಅಲ್ಲ, ಹೆಣ್ಣಾಗಿರುವುದೂ ತಡಕ್ಕೆ ಕಾರಣ ಎಂದು ನಾನು ಹೇಳುತ್ತೇನೆ. ಎರಡೂ ಸೇರಿದವರ ಗತಿ ಏನು ಎಂದು ಯೋಚಿಸಿ.

ತುಮಕೂರು ಸಾರ್ವಜನಿಕ ಆರೋಗ್ಯ

ಡೈರಿ ಅಣ್ಣನವರ ಊಹೆಯನ್ನು ಅಂಕಿಅಂಶ ಬೆಂಬಲಿಸುತ್ತದೆ. ನಾನು ಈ ವಿಷಯವನ್ನೇ ಓದುತ್ತಿರುವವನು, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಭಾರತದಲ್ಲಿ 2022ರಲ್ಲಿ ಅಂದಾಜು 14.1 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು, 9.1 ಲಕ್ಷ ಸಾವು. ಗರ್ಭಕಂಠದ ಕ್ಯಾನ್ಸರ್ ಒಂದರಲ್ಲೇ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಇದು ಬಹುಮಟ್ಟಿಗೆ ತಡೆಯಬಹುದಾದ ಕಾಯಿಲೆ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆಯನ್ನು ಓದಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಂದರೆ 2019-21ರಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡ 30ರಿಂದ 49 ವಯಸ್ಸಿನ ಮಹಿಳೆಯರು ದೇಶದಲ್ಲಿ 1.9 ಪ್ರತಿಶತ ಮಾತ್ರ. ಸ್ತನಕ್ಕೂ ಬಾಯಿಗೂ 0.9 ಪ್ರತಿಶತ.

ಎಲ್ಲಿ ಹುಟ್ಟಿದ್ದೇವೆ ಎಂಬುದರ ಮೇಲೆ ಆಯುಸ್ಸು ಬದಲಾಗುತ್ತದೆ. 2012ರಿಂದ 2015ರವರೆಗೆ ಸ್ತನ ಕ್ಯಾನ್ಸರ್ ಪತ್ತೆಯಾದವರನ್ನು 11 ನೋಂದಣಿ ಕೇಂದ್ರಗಳಲ್ಲಿ ಹಿಂಬಾಲಿಸಿ ನೋಡಿದಾಗ, ಐದು ವರ್ಷ ಬದುಕುಳಿದವರು ಒಟ್ಟಾರೆ 66.4 ಪ್ರತಿಶತ. ಮಿಜೋರಾಂನಲ್ಲಿ 74.9, ಅರುಣಾಚಲದ ಪಾಸೀಘಾಟ್‌ನಲ್ಲಿ 41.9. ಒಂದೇ ದೇಶ, ಒಂದೇ ರೋಗ.

ಬಂಗಾರಪೇಟೆಯವರು ಕಾರ್ಡಿನ ಮಾತು ಎತ್ತಿದರು. ಕಾರ್ಡು ಕೆಲಸ ಮಾಡುತ್ತದೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಈಗಿನ ಕಾರ್ಡಿಗೆ ಮೊದಲು ಬಡವರ ಚಿಕಿತ್ಸೆಗಾಗಿ ಇದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಉತ್ತರ ಕರ್ನಾಟಕದಲ್ಲಿ ಮೊದಲು ಬಂದಾಗ, ಯೋಜನೆಯ ಗಡಿಯ ಒಳಗಿನ ಹಳ್ಳಿಗಳನ್ನೂ ಗಡಿಯಾಚೆಯ ಹಳ್ಳಿಗಳನ್ನೂ ಹೋಲಿಸಿದರು. ಬಹುಪಾಲು ಹೃದ್ರೋಗ, ಕ್ಯಾನ್ಸರ್‌ಗಳಂಥ ಯೋಜನೆಯಡಿಯ ಕಾಯಿಲೆಗಳಿಂದ ಆದ ಸಾವು ಅರ್ಹ ಬಡ ಕುಟುಂಬಗಳಲ್ಲಿ 0.32 ಪ್ರತಿಶತ, ಗಡಿಯಾಚೆಯ ಅಂಥದೇ ಕುಟುಂಬಗಳಲ್ಲಿ 0.90. ಇದು 2014ರಲ್ಲಿ ಪ್ರಕಟವಾಯಿತು. ಹಣದ ಅಡ್ಡಿ ತೆಗೆದರೆ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದು.

ಬಿಲ್ಲಿನ ಆಚೆಗಿನ ಅಡ್ಡಿಗಳಿಗೆ ಬೇಕಾದದ್ದು ಜೊತೆಗಾರರು. ನ್ಯೂಯಾರ್ಕಿನ ಹಾರ್ಲೆಮ್ ಆಗ ಬಡ ಕರಿಯರ ಬಡಾವಣೆ. ಅಲ್ಲಿನ ಆಸ್ಪತ್ರೆಯಲ್ಲಿ 1986ರವರೆಗಿನ ಎರಡು ದಶಕಗಳಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ಬದುಕಿದವರು 39 ಪ್ರತಿಶತ. ಅರ್ಧದಷ್ಟು ಜನ ಬರುವಾಗಲೇ ಮೂರು, ನಾಲ್ಕನೇ ಹಂತದಲ್ಲಿದ್ದರು. ಶಸ್ತ್ರಚಿಕಿತ್ಸಕ ಡಾ. ಹೆರಾಲ್ಡ್ ಫ್ರೀಮನ್ ಉಚಿತ ಮತ್ತು ಅಗ್ಗದ ತಪಾಸಣೆ ತಂದರು. 1990ರಲ್ಲಿ ಪ್ರತಿ ರೋಗಿಯ ಕೈ ಹಿಡಿದು ಕೊನೆಯವರೆಗೆ ನಡೆಸುವ ಮಾರ್ಗದರ್ಶಕರನ್ನು ನೇಮಿಸಿದರು. 1995ರಿಂದ 2000ದ ನಡುವೆ ಬಂದವರಲ್ಲಿ 70 ಪ್ರತಿಶತ ಜನ ಐದು ವರ್ಷ ದಾಟಿದರು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯೂ ‘ಕೇವಟ್’ ಹೆಸರಿನಲ್ಲಿ ಇಂಥವರಿಗೆ ತರಬೇತಿ ಕೊಡುತ್ತಿದೆ. ನಮ್ಮಲ್ಲಿ ಈ ಕೆಲಸಕ್ಕೆ ಹೊಸಬರನ್ನು ಹುಡುಕಬೇಕಿಲ್ಲ, ಆಶಾ ಅಕ್ಕನಂಥವರು ಇದ್ದಾರೆ. ಗೌರವಧನವನ್ನೂ ಪ್ರಯಾಣ ವೆಚ್ಚವನ್ನೂ ಕೊಡದೆ ಅವರ ತಲೆಗೆ ಇನ್ನೊಂದು ಕೆಲಸ ಕಟ್ಟುವುದು ಮಾತ್ರ ಅನ್ಯಾಯ.

ತಮಕ ದಂತವೈದ್ಯ

ಒಪ್ಪುತ್ತೇನೆ. ಗರ್ಭಕಂಠದ ವಿಷಯದಲ್ಲೂ ನಮ್ಮ ನೆಲದ ಪುರಾವೆಗಳಿವೆ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ, ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿಗಾಗಿ ಒಂದೇ ಒಂದು ಸಲ ಮಾಡಿದ ಪರೀಕ್ಷೆಯಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, 2009ರ ಫಲಿತಾಂಶ ಅದು. ಮುಂಬೈನ ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಕಣ್ಣಿನಿಂದಲೇ ನೋಡಿದ ತಪಾಸಣೆಯಿಂದ ಸಾವು 31 ಪ್ರತಿಶತ ಕಡಿಮೆಯಾಯಿತು. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯನ್ನು ಶಾಲೆಯಲ್ಲೇ ಕೊಡುವುದು ಎಲ್ಲಕ್ಕಿಂತ ನ್ಯಾಯದ ದಾರಿ. ಸಿಕ್ಕಿಂ 2018ರಲ್ಲೇ ಹಾಗೆ ಮಾಡಿತು. ಕೊಳ್ಳಬಲ್ಲವರ ಮಗಳಿಗೆ ಮಾತ್ರ ಲಸಿಕೆ ಸಿಕ್ಕರೆ ಮೂವತ್ತು ವರ್ಷದ ನಂತರವೂ ನಾವು ಇದೇ ಮಾತನ್ನು ಆಡುತ್ತಿರುತ್ತೇವೆ.

ಬಂಗಾರಪೇಟೆ ವ್ಯಾಪಾರಿ

ಹೊರರಾಜ್ಯದ ಕಾರ್ಮಿಕರ ಮಾತು, ಚೀಟಿ ಗೋಡೆಯಲ್ಲಿ ಉಳಿಯುವ ಮಾತು ನನಗೆ ಹೊಸದು. ಜವಾಬ್ದಾರಿ ಅವರವರದೂ ಇದೆ ಎಂಬುದನ್ನು ಬಿಡುವುದಿಲ್ಲ. ಆದರೆ ನಮ್ಮ ವರ್ತಕರ ಸಂಘದಿಂದ ಜೊತೆಗೆ ಹೋಗುವವರ ಊಟ, ಆಟೋ ಖರ್ಚಿಗೆ ಒಂದು ಸಣ್ಣ ನಿಧಿ ಇಡಬಹುದು. ಕೇಳಿ ನೋಡುತ್ತೇನೆ.

ಮಾಲೂರು ಇಟ್ಟಿಗೆ

ಕೀಮೋ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗುತ್ತದೆ ಎನ್ನುತ್ತಾರಲ್ಲ, ನಿಜವೇ?

ತುಮಕೂರು ಸಾರ್ವಜನಿಕ ಆರೋಗ್ಯ

2025ರಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ತೆರೆಯಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲೂ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೆ ಇಂಥ ಕೇಂದ್ರ ಎಂಬ ಘೋಷಣೆ ಇದೆ. ಮೊದಲ ಸುತ್ತಿನ ನಿರ್ಧಾರ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆಗಿ, ಮುಂದಿನ ಸುತ್ತುಗಳನ್ನು ಹತ್ತಿರದಲ್ಲೇ ಪಡೆಯುವುದು ಇದರ ಉದ್ದೇಶ. ನಿಮ್ಮ ವೈದ್ಯರನ್ನೇ ಬಾಯಿ ಬಿಟ್ಟು ಕೇಳಿ, ‘ಉಳಿದ ಸುತ್ತುಗಳನ್ನು ನಮ್ಮ ಜಿಲ್ಲೆಯಲ್ಲಿ ಕೊಡಬಹುದೇ’ ಎಂದು. ರೇಡಿಯೇಷನ್‌ಗೆ ಮಾತ್ರ ಯಂತ್ರವಿರುವಲ್ಲಿಗೇ ಹೋಗಬೇಕು.

ಚಿಂತಾಮಣಿ ಓದುಗಿ

ಗುಣವಾಗದವರ ಬಗ್ಗೆಯೂ ಯಾರಾದರೂ ಬರೆಯಬೇಕು. ನೋವು ತಿನ್ನುತ್ತಾ ಮನೆಯ ಮೂಲೆಯಲ್ಲಿ ಮಲಗಿರುವವರು ಎಲ್ಲ ಊರಿನಲ್ಲೂ ಇದ್ದಾರೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ನಮ್ಮ ಚಿಕ್ಕಮ್ಮನ ಕೊನೆಯ ದಿನಗಳಲ್ಲಿ ಇದು ನಮಗೆ ತಿಳಿದಿರಲಿಲ್ಲ. ಮಾರ್ಫಿನ್ ಮಾತ್ರೆಯಿಂದ ಆ ನೋವನ್ನು ತಗ್ಗಿಸಬಹುದು ಎಂಬುದೂ ತಿಳಿದಿರಲಿಲ್ಲ. ನೋವಿಲ್ಲದೆ ಸಾಯುವುದು ಉಳ್ಳವರಿಗೆ ಮಾತ್ರ ಸಿಗಬೇಕಾದ ಸೌಲಭ್ಯವಲ್ಲ.

ಶ್ರೀನಿವಾಸಪುರ ಡೈರಿ

ಎಲ್ಲರ ಬರಹವನ್ನೂ ನಮ್ಮ ಸಂಘದ ನಿರ್ದೇಶಕರಿಗೆ ಓದಿ ಹೇಳಿದೆ. ಮುಂದಿನ ಸಭೆಗೆ ಈ ವಿಷಯಗಳನ್ನು ತರುತ್ತಿದ್ದೇನೆ. ಸದಸ್ಯರ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಅಕ್ಕಪಕ್ಕದವರು ಸರದಿಯಲ್ಲಿ ಹಸು ನೋಡಿಕೊಂಡು ಹಾಲನ್ನು ಆ ಮನೆಯ ಹೆಸರಿಗೇ ಹಾಕುವುದು. ಆ ತಿಂಗಳುಗಳಲ್ಲಿ ಬಟವಾಡೆಯಿಂದ ಸಾಲದ ಕಂತು ಹಿಡಿಯದಿರುವುದು. ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ತೆರೆದಾಗ ಯಾರೂ ಬಿಟ್ಟುಹೋಗದಂತೆ ನೋಡುವುದು. ಆ ಯೋಜನೆ 2003ರಲ್ಲಿ ಸಹಕಾರ ಸಂಘಗಳ ಸದಸ್ಯರಿಗಾಗಿಯೇ ಬಂದದ್ದು. ನಡುವೆ ನಿಂತು 2022ರಲ್ಲಿ ಮತ್ತೆ ಶುರುವಾಗಿದೆ, ಆದರೂ ನಮ್ಮಲ್ಲಿ ಎಷ್ಟೋ ಜನ ಸೇರಿಲ್ಲ. ಹಾಲು ಅಳೆಯುವ ಜಾಗದಲ್ಲೇ ಬಾಯಿ ತಪಾಸಣೆ ಮಾಡಿಸುವುದು, ದಂತವೈದ್ಯರು ದಿನ ಹೇಳಿದರೆ ಸಾಕು.

ಕಾಲೊನಿಯ ಮನೆಗಳಿಂದಲೇ ತಪಾಸಣೆ ಆರಂಭಿಸಬೇಕು ಎಂದು ನಾನು ಹೇಳಿದಾಗ ಒಬ್ಬಿಬ್ಬರು ಗೊಣಗಿದರು. ಅದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ತಮಕ ದಂತವೈದ್ಯ

ಬೆಳಗಿನ ಹಾಲಿನ ಹೊತ್ತೇ ಒಳ್ಳೆಯದು, ಬೆಳಕು ಇರುತ್ತದೆ. ಇಬ್ಬರು ಕಿರಿಯ ವೈದ್ಯರನ್ನು ಕರೆತರುತ್ತೇನೆ, ಒಬ್ಬರು ಮಹಿಳೆ. ಬಯಾಪ್ಸಿ ಬೇಕಾದವರ ಪಟ್ಟಿಯನ್ನು ಅಲ್ಲೇ ಮಾಡಿ, ಯಾರು ಯಾರ ಜೊತೆ ಹೋಗುತ್ತಾರೆ ಎಂಬ ಹೆಸರನ್ನೂ ಪಕ್ಕದಲ್ಲೇ ಬರೆಯೋಣ.

ಮುಳಬಾಗಿಲು ಆಶಾ

ಅಣ್ಣ, ನಿಮ್ಮ ಊರಿನ ಆಶಾ ನನ್ನ ಜೊತೆ ತರಬೇತಿ ಪಡೆದವಳು, ಅವಳಿಗೆ ಮೊದಲೇ ತಿಳಿಸಿ. ಸಭೆಯ ನೋಟಿಸಿನಲ್ಲಿ ಗಂಡಸರೂ ಬರಬೇಕು ಎಂದು ಎದ್ದು ಕಾಣುವಂತೆ ಬರೆಯಿರಿ. ಹೆಂಗಸರು ಬಾಯಿ ತೋರಿಸಲು ಒಪ್ಪಿದರೂ ಬೆಂಗಳೂರಿಗೆ ಕಳಿಸುವ ತೀರ್ಮಾನ ಗಂಡಸರ ಕೈಯಲ್ಲೇ ಇದೆ.